ಅಪ್ಪನಿಗೆ ಒಪ್ಪಿಸಿದ ಪಾಠ

ಪ್ರಮಿಳಾಗೆ ಇಟಾಲಿಯನ್ ಬರುತ್ತಿರಲಿಲ್ಲ ಅಂತಲ್ಲ. ಚೆನ್ನಾಗಿಯೇ ಬರುತ್ತಿತ್ತು. ಕ್ರಿಯಾಪದಗಳನ್ನಂತೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪಟಪಟನೆ ಹೇಳುವಳು. ಇವತ್ತು ಆಗುವುದು, ನಿನ್ನೆ ಆದದ್ದು, ಹಿಂದೆ ದಿನಾ ಆಗುತ್ತಿದ್ದದ್ದು, ನಾಳೆ ಆಗಲಿರುವುದು, ಹೀಗಾದರೆ ಹಾಗಾಗುತ್ತಿತ್ತು ಎನ್ನುವುದು, ಆಗಲಿ ಎಂದು ಹಾರೈಸುವುದು. ಯಾವ ರೂಪಕ್ಕೂ ಆಕೆ ಅಂಜಿದವಳಲ್ಲ. ಆದರೂ ಹೋದ ಸಲ ಬಾಯಿ ಪರೀಕ್ಷೆಯಲ್ಲಿ ನಪಾಸಾದಳು. ನಿನ್ನ ಮನೆಯವರ ಬಗ್ಗೆ ಹೇಳು ಎಂದಾಗ, ಅಪ್ಪನ ಮಾತು ಬಂದಲ್ಲಿ ನಾಲಿಗೆ ಹಿಡಿದುಬಿಟ್ಟಿತು. ಮುಂದೆ ಏನು ಕೇಳಿದರೂ ಒಂದು ಶಬ್ದ ಹೊರಡಲಿಲ್ಲ.

ಇನ್ನು ಉಳಿದದ್ದು ಒಂದೇ ಅವಕಾಶ. ಬರುವ ಭಾನುವಾರ ಪಾಸಾದರೆ ಇಟಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ. ಆಗದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಹನ್ನೆರಡು ವರ್ಷ ಮಂದಿಯ ಮನೆ ಮುಸುರೆ ತಿಕ್ಕಿ ಮಗಳನ್ನು ಓದಿಸಿದ ಸತ್ಯವ್ವ ಅನಗೋಳದ ಬಾಡಿಗೆ ಖೋಲಿಯಲ್ಲಿ ಆ ಭಾನುವಾರವನ್ನೇ ಕಾಯುತ್ತಿದ್ದಳು.

ಪಾಠ ಹೇಳುತ್ತಿದ್ದವರು ಹಿಂದವಾಡಿಯ ಗುರುಪುತ್ರಪ್ಪನವರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಇಟಲಿಯ ಮಷೀನುಗಳನ್ನು ಜೋಡಿಸಿದವರು. ಆ ದೇಶಕ್ಕೂ ಹೋಗಿ ವರ್ಷಗಟ್ಟಲೆ ಇದ್ದು ಬಂದವರು. ಕೈಯಲ್ಲಿ ಸೀಮೆಸುಣ್ಣ ಹಿಡಿದರೂ ಅವರ ಬುದ್ಧಿಯೆಲ್ಲ ನಟ್ಟು ತಿರುವುವ ಪಾನಾ ಹಿಡಿದವರದೇ.

"ಇಲ್ಲೆ ನೋಡವಾ, ಹಿಡಿಕಿ ಒಂದ, ಸಾಕೆಟ್ ಆರು. ನಾನು, ನೀನು, ಅವ, ನಾವು, ನೀವು, ಅವರು. ಹಿಡಿಕಿ ಬದಲಿ ಮಾಡೂದು ಬ್ಯಾಡ, ತುದಿ ಅಷ್ಟ ಬದಲಿ ಮಾಡು. ಹೂಂ, ಅಸ್ಕೊಲ್ತಾರೆ. ಕೇಳೂದು."

"ಅಸ್ಕೊಲ್ತೊ, ಅಸ್ಕೊಲ್ತಿ, ಅಸ್ಕೊಲ್ತಾ," ಎಂದು ಪ್ರಮಿಳಾ ಶುರು ಮಾಡಿದರೆ ಆರನೆಯದು ಮುಗಿಯುವವರೆಗೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆಯೇ ಕೇಳುತ್ತಿದ್ದೆ, ಕೇಳುವೆನು, ಕೇಳುತ್ತಿದ್ದೆನೇನೋ, ಕೇಳಲಿ. ಗುರುಪುತ್ರಪ್ಪನವರಿಗೆ ಒಳಗೊಳಗೇ ಹಿಗ್ಗು.

ಪರೀಕ್ಷೆಗೆಂದು ಅವರೇ ಆಕೆಗೆ ಒಂದು ಪುಟ ಬರೆದುಕೊಟ್ಟಿದ್ದರು. ನನ್ನ ಅಪ್ಪ ಖಾನಾಪುರದ ಕಡೆಯವನು. ಕುರಿ ಕಾಯುತ್ತಿದ್ದ, ಹಾಡುತ್ತಿದ್ದ, ದಿನಾ ಸಂಜೆ ನನ್ನ ಮಗ್ಗಿ ಕೇಳುತ್ತಿದ್ದ. ಹನ್ನೆರಡು ವರ್ಷದ ಹಿಂದೆ ತೀರಿಕೊಂಡ. ಎ ಮೋರ್ತೊ. ಈ ಕೊನೆಯ ಸಾಲಿಗೆ ಬಂದರೆ ಸಾಕು, ಹುಡುಗಿ ತಡವರಿಸುವಳು.

"ದುಃಖ ಐತಿ, ನನಗ ತಿಳೀತೈತಿ. ಆದ್ರ ಅವರು ಮಾರ್ಕ್ಸ್ ಕೊಡೂದು ದುಃಖಕ್ಕಲ್ಲ ತಂಗಿ," ಎಂದರು ಗುರುಪುತ್ರಪ್ಪನವರು. ಪ್ರಮಿಳಾ ತಲೆ ತಗ್ಗಿಸಿದಳು.

ದುಃಖವಂತೆ! ದುಃಖವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪ ಮೈಲಾರಲಿಂಗ ಸತ್ತಿರಲಿಲ್ಲ. ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿ ಹಿಂಡಲಗಾ ಜೈಲಿನಲ್ಲಿದ್ದ. ಗುರುಪುತ್ರಪ್ಪನವರ ಮನೆಯಿಂದ ಬಸ್ಸು ಹಿಡಿದರೆ ಒಂದು ತಾಸಿನ ದಾರಿ.

ಆದದ್ದು ಇಷ್ಟು. ಕುರಿ ಹೊಲಕ್ಕೆ ಬಿದ್ದವೆಂದು ಈರಣ್ಣ ಎಂಬಾತ ಜಗಳಕ್ಕೆ ಬಂದ. ಮಾತಿಗೆ ಮಾತು ಬೆಳೆಯಿತು. ಮೈಲಾರಲಿಂಗ ಕೈಯಲ್ಲಿದ್ದ ಬಡಿಗೆ ಬೀಸಿದ. ಒಂದೇ ಏಟು. ಮೂರನೆಯ ದಿನ ಈರಣ್ಣ ಸತ್ತ. ಅವನಿಗೂ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದರು, ಅವರಲ್ಲೊಬ್ಬಳು ಪ್ರಮಿಳಾಳ ಬೆಂಚಿನವಳೇ. ಊರು ಬಿಟ್ಟು ಬಂದಾಗ ಪ್ರಮಿಳಾಗೆ ಹನ್ನೆರಡು. ಹದಿನೇಳರವರೆಗೆ ತಾಯಿಯ ಸೆರಗು ಹಿಡಿದು ಜೈಲಿಗೆ ಹೋಗಿ ಬಂದಳು. ನರ್ಸಿಂಗ್ ಸೇರುವಾಗ ಯಾರೋ "ನಿಮ್ಮ ತಂದಿ ಏನ್ ಮಾಡ್ತಾರ?" ಎಂದು ಕೇಳಿದರು. "ತೀರಿಕೊಂಡಾರ್ರಿ" ಎಂದುಬಿಟ್ಟಳು. ಅವತ್ತಿನಿಂದ ಜೈಲಿನ ಕಡೆ ಮುಖ ಹಾಕಲಿಲ್ಲ. ಏಳು ವರ್ಷ. ಆ ಸುಳ್ಳಿನಿಂದ ಆಕೆಗೆ ಲಾಭವೂ ಆಯಿತು, ಯಾಕಿಲ್ಲ ಎನ್ನಬೇಕು. ಕೊಲೆಗಾರನ ಮಗಳೆಂದು ಒಬ್ಬರೂ ಬೆರಳು ಮಾಡಲಿಲ್ಲ. ಆದರೆ ಕನ್ನಡದಲ್ಲಿ ಒಂದೇ ಸಲ ಹೇಳಿ ಮರೆತ ಸುಳ್ಳನ್ನು ಈಗ ಪರಭಾಷೆಯಲ್ಲಿ ದಿನಕ್ಕೆ ಹತ್ತು ಸಲ ಬಾಯಿಪಾಠ ಮಾಡುವ ಗತಿ ಬಂದಿತ್ತು.

ಗುರುವಾರ ಸತ್ಯವ್ವ ಮಗಳ ಮುಂದೆ ಬಂದು ಕುಳಿತಳು. "ದೇಶಾ ಬಿಟ್ಟು ಹೊಂಟಿ. ಒಮ್ಮೆರ ಅವಗ ಮಾರಿ ತೋರ್ಸಿ ಬಾ."

"ಹೋಗಿ ಏನ್ ಮಾತಾಡ್ಲಿ ಯವ್ವಾ?"

"ಮಾತಾಡಬ್ಯಾಡ. ಬರೇ ನಿಂದ್ರು."

ಶುಕ್ರವಾರ ತಾಯಿ ಮಗಳು ಹಿಂಡಲಗಾಕ್ಕೆ ಹೋದರು. ಮುಲಾಖತ್ತಿನ ಚೀಟಿ ಬಂದಾಗ ಸತ್ಯವ್ವ ಬಾಗಿಲಲ್ಲೇ ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟಳು. "ಇವತ್ತ ನೀ ಅಷ್ಟ ಹೋಗು," ಎಂದಳು.

ಒಳಗೆ ಗದ್ದಲವೋ ಗದ್ದಲ. ಉದ್ದಕ್ಕೆ ಕಬ್ಬಿಣದ ಜಾಲರಿ, ಅದರ ಆಚೆ ಕೈದಿಗಳು, ಈಚೆ ಮನೆಯವರು. ಎಲ್ಲರೂ ಒಮ್ಮೆಲೇ ಕೂಗಿ ಮಾತಾಡುವವರೇ. ಮೈಲಾರಲಿಂಗ ಬಂದು ಜಾಲರಿಗೆ ಅಂಟಿ ನಿಂತ. ತಲೆ ಪೂರ್ತಿ ಬೆಳ್ಳಗಾಗಿತ್ತು. ಪ್ರಮಿಳಾ ಸಿಟ್ಟು ಬರುತ್ತದೆ ಎಂದುಕೊಂಡು ಬಂದಿದ್ದಳು, ಬಂದದ್ದು ಅಳು. ಅದನ್ನೂ ನುಂಗಿದಳು.

"ಉಂಡಿ?" ಎಂದ ಮೈಲಾರಲಿಂಗ.

"ಹೂಂ. ನೀ?"

"ಹೂಂ."

ಅಲ್ಲಿಗೆ ಮಾತು ಮುಗಿಯಿತು. ಇಪ್ಪತ್ತು ನಿಮಿಷದಲ್ಲಿ ಎರಡು ನಿಮಿಷ ಕಳೆದಿರಲಿಲ್ಲ. ಆತ ನೆಲ ನೋಡಿದ, ಈಕೆ ಗೋಡೆ ನೋಡಿದಳು. ಪಕ್ಕದಲ್ಲಿ ಯಾವಳೋ ಕೂಸನ್ನು ಎತ್ತಿ ಗಂಡನಿಗೆ ತೋರಿಸುತ್ತಿದ್ದಳು. ಕೊನೆಗೆ ಮೈಲಾರಲಿಂಗನೇ ಗಂಟಲು ಸರಿ ಮಾಡಿಕೊಂಡ.

"ಏನೋ ಹೊಸಾ ಭಾಷಾ ಕಲ್ಯಾಕ ಹತ್ತೀ ಅಂತ ನಿಮ್ಮವ್ವ ಅಂದ್ಳು. ಒಪ್ಪಸು ನೋಡೂಣು."

ಹನ್ನೆರಡು ವರ್ಷದ ಹಿಂದೆಯೂ ಇದೇ ಮಾತು. ಕುರಿ ದೊಡ್ಡಿ ಸೇರಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಮಗಳು ಅಪ್ಪನ ಮುಂದೆ ಕೈಕಟ್ಟಿ ನಿಂತು ಮಗ್ಗಿ ಒಪ್ಪಿಸಬೇಕು. ಮೈಲಾರಲಿಂಗನಿಗೆ ಓದು ಬರಹ ಬಾರದು. ಹದಿನೇಳರ ಮಗ್ಗಿ ಇರಲಿ, ಏಳರದೂ ಗೊತ್ತಿಲ್ಲ. ಆದರೂ ತಪ್ಪು ಹಿಡಿಯುತ್ತಿದ್ದ! ಕಣ್ಣು ಮುಚ್ಚಿ ರಾಗ ಕೇಳುವನು. ಎಲ್ಲಾದರೂ ಒಂದು ಕೂದಲಷ್ಟು ದನಿ ಅನುಮಾನಿಸಿತೋ, "ಅಲ್ಲೆ ತಪ್ತು, ಮತ್ತ ಮೊದಲಿಂದ" ಅನ್ನುವನು. ಕತ್ತಲಲ್ಲಿ ದೊಡ್ಡಿಗೆ ನುಗ್ಗುವ ಕುರಿಗಳ ಗೊರಸಿನ ಸದ್ದಿನಲ್ಲೇ ಒಂದು ಕಮ್ಮಿ ಇದೆ ಎಂದು ಹೇಳುತ್ತಿದ್ದ ಮನುಷ್ಯ. ಹನ್ನೆರಡು ವರ್ಷದ ಹುಡುಗಿಗೆ ಅವನನ್ನು ಒಮ್ಮೆಯೂ ಮೋಸಗೊಳಿಸಲು ಆಗಿರಲಿಲ್ಲ.

ಪ್ರಮಿಳಾ ಕೈಕಟ್ಟಿದಳು. ಕಟ್ಟಬೇಕೆಂದು ಕಟ್ಟಿದ್ದಲ್ಲ, ಕೈಗಳು ತಾವಾಗಿಯೇ ಕಟ್ಟಿಕೊಂಡವು. "ಅಸ್ಕೊಲ್ತೊ, ಅಸ್ಕೊಲ್ತಿ, ಅಸ್ಕೊಲ್ತಾ, ಅಸ್ಕೊಲ್ತಿಯಾಮೊ, ಅಸ್ಕೊಲ್ತಾತೆ, ಅಸ್ಕೊಲ್ತನೊ."

ಮೈಲಾರಲಿಂಗ ಕಣ್ಣು ಮುಚ್ಚಿದ. ಬೆರಳು ಜಾಲರಿಯ ಮೇಲೆ ತಾಳ ಹಾಕತೊಡಗಿತು. ಈಕೆ ಹಿಂದಿನ ಕಾಲಕ್ಕೆ ಹೋದಳು, ಮುಂದಿನ ಕಾಲಕ್ಕೆ ಬಂದಳು. 'ಆಗಲಿ' ಎನ್ನುವ ರೂಪದ ಐದನೆಯದರಲ್ಲಿ ಅರೆಕ್ಷಣ ತಡೆದಳು.

"ಅಲ್ಲೆ ತಪ್ತು," ಎಂದ ಮೈಲಾರಲಿಂಗ. ಖರೇ ತಪ್ಪಿತ್ತು.

ಪ್ರಮಿಳಾಗೆ ನಗು ಬಂತು. ಆತನ ಮುಖದಲ್ಲೂ ಒಂದಿಷ್ಟು ಬೆಳಕು ಕಂಡಿತು. "ಇದು ಬರೇ ಮಗ್ಗಿ. ಕತಿಗಿತಿ ಇಲ್ಲೇನು? ಪರೀಕ್ಷಾದಾಗ ಏನ್ ಹೇಳ್ತಿ, ಅದನ್ನ ಹೇಳು," ಎಂದ.

ಹೇಳಬಾರದಿತ್ತು. ಬೇರೆ ಏನಾದರೂ ಹೇಳಬಹುದಿತ್ತು, ಆಸ್ಪತ್ರೆಯ ಬಗ್ಗೆ, ಬಸ್ಸಿನ ಬಗ್ಗೆ. ಆದರೆ ಮೂರು ತಿಂಗಳು ತಿರುಗಿ ತಿರುಗಿ ಉರು ಹೊಡೆದ ಪುಟ ಅದೊಂದೇ. ಕೇಳುತ್ತಿದ್ದವನಿಗೆ ಅರ್ಥವಾಗುವುದೂ ಇಲ್ಲವಲ್ಲ ಎಂದು ಮನಸ್ಸು ನೆಪ ಹೇಳಿತು. "ಮಿಯೊ ಪಾದ್ರೆ," ನನ್ನ ಅಪ್ಪ, ಎಂದು ಶುರು ಮಾಡಿದಳು. ಖಾನಾಪುರ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮೈಲಾರಲಿಂಗ ಗುರುತು ಸಿಕ್ಕವನಂತೆ ತಲೆಯಾಡಿಸಿದ. ಕುರಿ ಕಾಯುತ್ತಿದ್ದ, ಹಾಡುತ್ತಿದ್ದ, ಮಗ್ಗಿ ಕೇಳುತ್ತಿದ್ದ. ಬೆರಳಿನ ತಾಳ ತಪ್ಪಲಿಲ್ಲ. ಆಮೇಲೆ ಕೊನೆಯ ಸಾಲು.

"ಎ..." ದನಿ ನಡುಗಿತು. "ಎ ಮೋರ್ತೊ."

ಬೆರಳು ನಿಂತಿತು. "ಅಲ್ಲೆ ತಪ್ತು ನೋಡವಾ. ಮತ್ತ ಮೊದಲಿಂದ."

ಪ್ರಮಿಳಾ ಮತ್ತೆ ಮೊದಲಿಂದ ಹೇಳಿದಳು. ಮತ್ತೆ ಅಲ್ಲಿಗೇ ಬಂದು ನಿಂತಳು. ಬಿಳಿ ತಲೆ, ಮುಚ್ಚಿದ ಕಣ್ಣು, ಜಾಲರಿಯ ಮೇಲೆ ಕಾಯುತ್ತಿರುವ ಬೆರಳು. ಹೆತ್ತ ಅಪ್ಪನಿಗೆ, ಅವನ ಮುಖದ ಮುಂದೆಯೇ, ನೀನು ಸತ್ತಿದ್ದೀಯ ಎಂದು ಪಾಠ ಒಪ್ಪಿಸುತ್ತಿದ್ದೇನೆ ಎಂದು ಆಕೆಗೆ ನಾಚಿಕೆಯಾಯಿತು. ಅಂಥ ನಾಚಿಕೆ ಜೈಲಿನ ಬಾಗಿಲಲ್ಲೂ ಆಗಿರಲಿಲ್ಲ. ಬದುಕುವುದು, ವಾಸ ಮಾಡುವುದು ಎನ್ನುವುದಕ್ಕೆ ಅಲ್ಲಿ ವೀವೆರೆ ಎಂಬ ಒಂದೇ ಕ್ರಿಯಾಪದ. ಮನಸ್ಸಿನಲ್ಲೇ ಅದರ ಹಿಡಿಕೆ ಹಿಡಿದಳು. ವೀವೊ, ವೀವಿ, ವೀವೆ.

"ಮಿಯೊ ಪಾದ್ರೆ ವೀವೆ ಅ ಹಿಂಡಲಗಾ," ಎಂದಳು. ದನಿ ಎಲ್ಲೂ ಅಳುಕಲಿಲ್ಲ.

ಮೈಲಾರಲಿಂಗ ಕಣ್ಣು ತೆರೆದ. "ಹಿಂಡಲಗಾ ಅಂದಿ?"

"ಹೂಂ. ನಮ್ಮಪ್ಪ ಹಿಂಡಲಗಾದಾಗ ಅದಾನ ಅಂದೆ."

"ಮದಲ ಏನ್ ಅಂತಿದ್ದಿ?"

ಪ್ರಮಿಳಾ ಜಾಲರಿ ಹಿಡಿದುಕೊಂಡಳು. "ಸತ್ತಾನ ಅಂತಿದ್ದೆ ಅಪ್ಪಾ. ಏಳು ವರ್ಷ ಎಲ್ಲಾರಿಗೂ ಹಂಗ ಹೇಳೇನಿ."

ಕೂಸು ತೋರಿಸುತ್ತಿದ್ದವಳ ಸಮಯ ಮುಗಿದು ಆಕೆ ಹೊರಗೆ ಹೋದಳು. "ಗೊತ್ತೈತವಾ," ಎಂದ ಮೈಲಾರಲಿಂಗ ಕೊನೆಗೆ. "ನಿಮ್ಮವ್ವ ಅವತ್ತ ಹೇಳಿದ್ಳು. ಹೇಳ್ಲಿ ಬಿಡು, ಕೂಸು ಓದಲಿ ಅಂದೆ. ಆ ಈರಣ್ಣನ ಮಕ್ಕಳಿಗಿ ಖರೇನ ಅಪ್ಪ ಇಲ್ಲದಂಗ ಮಾಡಿದಾಂವ ನಾ. ನಿನ್ನ ಮ್ಯಾಲ ಯಾವ ಬಾಯಿಲೆ ಸಿಟ್ಟ ಮಾಡ್ಲಿ?"

ಪ್ರಮಿಳಾಳ ಕಣ್ಣೀರು ತಡೆಯಿಲ್ಲದೆ ಸುರಿಯಿತು.

"ಪರೀಕ್ಷಾದಾಗ ಹಳೇದ ಹೇಳು," ಎಂದ ಮೈಲಾರಲಿಂಗ, ಈ ಸಲ ಗಡಸಾಗಿ. "ಹಿಂಡಲಗಾದಾಗ ಏನೈತಿ ಅಂತ ಅವರು ಕೇಳಿದ್ರ? ನೌಕರಿ ಹೋತಂದ್ರ?"

"ಕೇಳಿದ್ರ ಹೇಳ್ತೀನಿ."

"ಹುಚ್ಚಿ."

"ಹಳೇದ ನನಗ ಹೇಳಾಕ ಬರಂಗಿಲ್ಲಪ್ಪಾ. ಅಲ್ಲೇ ತಪ್ಪತೈತಿ. ನೀನ ಹಿಡದಿ."

ಗಡಿಯಾರದ ಕೆಳಗೆ ನಿಂತಿದ್ದ ಪೊಲೀಸಿನವನು ಇನ್ನು ಎರಡೇ ನಿಮಿಷ ಎಂದು ಕೂಗಿದ. ಮೈಲಾರಲಿಂಗ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಜಾಲರಿಗೆ ಇನ್ನಷ್ಟು ಹತ್ತಿರ ಬಂದು ಕಣ್ಣು ಮುಚ್ಚಿದ, ಬೆರಳು ಕಬ್ಬಿಣದ ಮೇಲಿಟ್ಟ.

"ಹಂಗಾರ ಮತ್ತೊಮ್ಮೆ ಅನ್ನು. ಮೊದಲಿಂದ. ನಾ ಕೇಳ್ತೀನಿ."