ಚಂದ್ರಲೋಕದಲ್ಲಿ ಸಾಹುಕಾರ

"ಲೇ ಲೌಡಿ, ಚಂದ್ರಲೋಕ್ದಾಗೆ ಸಾವ್ಕಾರ್ನೇ ಇಲ್ಲ ಅಂತ ಯಾವ ನನ್ಮಗ ಹೇಳ್ದ ನಿಂಗೆ?"

ನಮ್ಮ ಕೇರಿಯ ಹೆಂಗಸರ ಬೊಗಸೆಗೆ ಮೇಲಿಂದ ನೀರು ಹೊಯ್ಯುತ್ತಿದ್ದ ಸಾಹುಕಾರ ಮಲ್ಲಿಕಾರ್ಜುನಯ್ಯ ಚೊಂಬನ್ನು ಹಿಂದಕ್ಕೆಳೆದುಕೊಂಡ. ಬೊಗಸೆಯೊಡ್ಡಿ ಬಗ್ಗಿದ್ದವಳು ಪಟಾಲಮ್ಮ. ನನಗೆ ಮೈಯೆಲ್ಲ ಉರಿದುಹೋಯಿತು.

ರಷ್ಯಾದವನೊಬ್ಬ ಆಕಾಶ ಸುತ್ತಿಬಂದನೆಂದು ಬಡವನಹಳ್ಳಿಯ ರೇಡಿಯೋ ಹೇಳಿದ್ದೇ ತಡ, ಪಟಾಲಮ್ಮ ತನ್ನ ಕಥೆಯವರನ್ನೆಲ್ಲ ಚಂದ್ರಲೋಕಕ್ಕೆ ಹತ್ತಿಸಿಬಿಟ್ಟಿದ್ದಳು. ಅಲ್ಲಿ ಸಾಹುಕಾರನೂ ಇಲ್ಲವಂತೆ, ಯಾವುದಕ್ಕೂ ಭಾರವೂ ಇಲ್ಲವಂತೆ. ಬಸುರಿಯೂ ಮೂಟೆಯನ್ನು ಕಿರುಬೆರಳಲ್ಲಿ ಎತ್ತುತ್ತಾಳಂತೆ! ಕಣದಲ್ಲಿ ಕಡಲೆಕಾಯಿ ಸುಲಿಯುವಾಗ ಅವಳು ಕಥೆ ಹೇಳಬೇಕು, ನಾವು ಹೂಂಗುಟ್ಟಬೇಕು, ಆ ಹೂಂಗೆ ಸರಿಯಾಗಿ ಕೈ ಓಡಬೇಕು. ಹೂಂ ನಿಂತರೆ ಕಥೆಯೂ ನಿಂತಿತು, ಕೈಯೂ ನಿಂತಿತು.

"ಸುಮ್ಕೆ ದೇವ್ರ ಕತೆ ಹೇಳು. ಇಲ್ಲಾಂದ್ರೆ ನಾಳಿಂದ ಕಣಕ್ಕೆ ಕಾಲಿಕ್ಬ್ಯಾಡ."

ಆ ಬೇಸಿಗೆಯಲ್ಲಿ ಬೇರೆ ಕೂಲಿ ಎಲ್ಲಿತ್ತು? ಮತ್ತೆ ಕಾಯಿ ರಾಶಿಯ ಸುತ್ತ ಕೂತೆವು; ಪಟಾಲಮ್ಮ ಬಾಡಿದ ಮುಖದಲ್ಲೇ ಶುರುಮಾಡಿದಳು. "ಒಂದೂರಾಗೆ ಒಬ್ಬ ಭಕ್ತ ಇದ್ದ..."

ಯಾರೂ ಹೂಂ ಅನ್ನಲಿಲ್ಲ. ಕೈಗಳು ಮಡಿಲಲ್ಲೇ ಉಳಿದವು.

"ಏನ್ರೇ, ಬಾಯಿ ಬಿದ್ದೋಯ್ತಾ?"

"ಈ ಕತೆಗೆ ಹೂಂ ಬರಾಕಿಲ್ಲ, ಬುದ್ಧಿ," ಎಂದಳು ಸಣ್ಣಕ್ಕ.

ಸಂಜೆಗೆ ಎಣ್ಣೆಗಾಣದ ಲಾರಿ ಬರುವುದಿತ್ತು. ಸಾಹುಕಾರ ಸುಲಿಯದ ರಾಶಿ ನೋಡಿದ, ನಮ್ಮನ್ನು ನೋಡಿದ, ಹಲ್ಲು ಕಡಿದ.

"ಚಂದ್ರಲೋಕನೇ ಹೇಳ್ಕಂಡು ಸಾಯಿ! ಆದ್ರೆ ಅಲ್ಲೂ ನಾನೇ ಸಾವ್ಕಾರ ಆಗಿರ್ಬೇಕು, ತಿಳೀತಾ?"

"ಅಯ್ಯೋ, ಅದ್ಕೇನಂತೆ ಬುದ್ಧಿ!" ಪಟಾಲಮ್ಮನ ಕಣ್ಣಿಗೆ ಜೀವ ಬಂತು. "ಸಾವ್ಕಾರ್ರು ಚಂದ್ರಲೋಕ್ದಾಗೆ ಇಳಿದ್ರು."

"ಹೂಂ."

"ಅಲ್ಲಿ ಭಾರ ಇಲ್ವಲ್ಲಾ, ಅಂಗೇ ಗಾಳೀಲಿ ತೇಲ್ಕಂಡು ಎದ್ಬುಟ್ರು."

"ಹೂಂ!" ಕಾಯಿ ಚಟಪಟ ಒಡೆಯತೊಡಗಿತು.

"ಅಲ್ಲಾ ಕಣಕ್ಕಾ, ನಾವ್ಯಾಕೆ ತೇಲ್ನಿಲ್ಲ?" ಸಣ್ಣಕ್ಕ ಕೇಳಿದಳು.

"ನಮ್ ಕಾಲು ಹುಟ್ದಾಗಿಂದ ಮಣ್ಣಾಗೆ ಊರ್ಕಂಡಿರಾವು ಕಣಮ್ಮ. ಅವರ್ದು ಮಂಚದ ಮ್ಯಾಲಿಂದ ಇಳಿದಿದ್ದೇ ಇಲ್ಲ. ಅಯ್ಯಯ್ಯೋ, ಸಾವ್ಕಾರ್ರು ಹೊಂಟೋಯ್ತಾವ್ರೆ ಅಂತ ಓಡೋಗಿ ನಾವೇ ಪಂಚೆ ಚುಂಗು ಹಿಡ್ಕಂಡೊ."

"ಹೂಂ! ಹೂಂ!"

ಮಲ್ಲಿಕಾರ್ಜುನಯ್ಯನ ಕೈ ತಾನಾಗಿ ಪಂಚೆಗೆ ಹೋಯಿತು. ನಗು ತಡೆಯಲಾರದೆ ನಾನು ಸೆರಗು ಬಾಯಿಗೆ ತುರುಕಿಕೊಂಡೆ.

"ಈಗ ನೀವೇ ಹೇಳ್ರವ್ವಾ," ಪಟಾಲಮ್ಮ ಕಾಯಿ ಸುಲಿಯುತ್ತಲೇ ಅವನತ್ತ ಮುಖವೆತ್ತಿದಳು. "ಹಿಡ್ಕಂಡೇ ಇರಾನಾ, ಬುಟ್ಬುಡಾನಾ?"

ಹೂಂ ಅನ್ನುವುದನ್ನು ಮರೆತು, ಅವನ ಮುಖವನ್ನೇ ನೋಡುತ್ತ, ಇಡೀ ಕಣ ಒಂದೇ ಉಸಿರಿಗೆ ಕೂಗಿತು:

"ಬುಟ್ಬುಡವ್ವಾ!"