ಬೀರುವಿನೊಳಗಿಂದ ಕೇಳಿದ್ದು

ಗೊಣಗುವುದು ನನ್ನ ಕೆಲಸ. ನಗಬೇಡಿ, ಅದಕ್ಕೆ ಸಂಬಳ ಕೊಡುತ್ತಾರೆ. ನಮ್ಮ ಕಂಪನಿ ವಿಡಿಯೋ ಗೇಮ್ ಮಾಡುತ್ತದೆ. ಅದರಲ್ಲಿ ಒಬ್ಬ ಕಳ್ಳಿ ಅರಮನೆಗೆ ನುಗ್ಗುತ್ತಾಳೆ. ಆಟ ಆಡುವವರು ಅವಳನ್ನು ಗೋಡೆಗಂಟಿಸಿ, ಕಂಬದ ಮರೆಯಲ್ಲಿ ನಿಲ್ಲಿಸಿ, ಕಾವಲುಗಾರರ ಕಣ್ಣು ತಪ್ಪಿಸಿ ಒಳಗೆ ಸಾಗಿಸಬೇಕು. ಕಾವಲುಗಾರರು ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ ಅವರು ಆಗಾಗ ಏನಾದರೂ ಗೊಣಗುತ್ತಿರುತ್ತಾರೆ. “ಅಬ್ಬಾ, ಏನು ಚಳಿ”, “ಏನೋ ಸದ್ದಾಯ್ತು”, “ಇಲಿ ಇರಬೇಕು ಬಿಡು”. ಇದನ್ನೆಲ್ಲ ಬರೆಯುವವಳು ನಾನು. ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎನ್ನುವುದು ನನ್ನ ಹೊಟ್ಟೆಯುರಿ.

‘ಬೆಕ್ಕಿನ ಹೆಜ್ಜೆ’ ಎಂಬ ಆ ಆಟ ಮೊದಲ ಸಲ ಬಂದಾಗ ಚೆನ್ನಾಗಿ ಓಡಿತು. ಈಗ ಎರಡನೆಯ ಭಾಗ ತಯಾರಾಗಿತ್ತು, ಮತ್ತು ಈ ಸಲ ನಾನು ಸುಮ್ಮನಿರಲಿಲ್ಲ. ಅರಮನೆಯ ಉದ್ದನೆಯ ಪಡಸಾಲೆಗೆ ಇಬ್ಬರು ಕಾವಲುಗಾರರನ್ನು ಹಾಕಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ನಡುವೆ ಒಂದು ಕಲ್ಲಿನ ಸಿಂಹ. ಏನು ಹೇಳುವುದಿದ್ದರೂ ಅದರ ಮುಖಾಂತರವೇ.

“ಸಿಂಹಪ್ಪಾ, ದೀಪಕ್ಕೆ ಎಣ್ಣೆ ಮುಗೀತು ಅಂತ ಅವನಿಗೆ ಹೇಳು.”

“ಸಿಂಹಪ್ಪಾ, ನನಗೂ ಕಣ್ಣಿದೆ ಅಂತ ಅವನಿಗೆ ಹೇಳು.”

ಜಗಳದ ಕಾರಣ ಇಷ್ಟೆ: ಒಬ್ಬನ ಕತ್ತಿ ತೆಗೆದುಕೊಂಡು ಇನ್ನೊಬ್ಬ ಈರುಳ್ಳಿ ಹೆಚ್ಚಿದ್ದ.

ಇದು ನನ್ನ ತಲೆಯಿಂದ ಉದುರಿದ್ದಲ್ಲ. ಅಪ್ಪ ಮತ್ತು ಚಿಕ್ಕಪ್ಪ ಸೇರಿ ಒಂದು ಟೈಲರ್ ಅಂಗಡಿ ನಡೆಸುತ್ತಾರೆ. ಅಪ್ಪ ಬಟ್ಟೆ ಕತ್ತರಿಸುತ್ತಾರೆ, ಚಿಕ್ಕಪ್ಪ ಹೊಲಿಯುತ್ತಾರೆ. ಒಂದು ದಿನ ಚಿಕ್ಕಪ್ಪ, ಅಪ್ಪನ ಬಟ್ಟೆ ಕತ್ತರಿಯಿಂದ ಕ್ಯಾಲೆಂಡರ್ ಹಾಳೆ ಕತ್ತರಿಸಿಬಿಟ್ಟರು. ನಿಮಗೆ ಇದು ಏನೂ ಅನ್ನಿಸದಿರಬಹುದು. ಟೈಲರ್ ಒಬ್ಬರನ್ನು ಕೇಳಿ ನೋಡಿ. ಬಟ್ಟೆ ಕತ್ತರಿ ಕಾಗದ ಕಂಡರೆ ಮೊಂಡಾಗುತ್ತದೆ, ಆಮೇಲೆ ರೇಷ್ಮೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅಪ್ಪ ಒಂದು ಮಾತು ಅಂದರು, ಚಿಕ್ಕಪ್ಪ ಎರಡು ಅಂದರು, ಅಲ್ಲಿಗೆ ಮಾತುಕತೆ ಮುಗಿಯಿತು. ಅಂಗಡಿ ಮುಗಿಯಲಿಲ್ಲ. ಇವತ್ತಿಗೂ ಒಂದೇ ಅಂಗಡಿಯಲ್ಲಿ ಎದುರುಬದುರು ಕೂರುತ್ತಾರೆ, ಮಧ್ಯೆ ನಿಂತಿರುವ ಕೋಟು ತೊಡಿಸುವ ಗೊಂಬೆಯ ಜೊತೆ ಮಾತಾಡುತ್ತಾರೆ. “ಗೊಂಬೆ, ಎಡಗಡೆ ತೋಳು ಗಿಡ್ಡ ಆಯ್ತು ಅಂತ ಹೇಳು ಅವನಿಗೆ.” “ಗೊಂಬೆ, ಕತ್ತರಿಸಿದ್ದೇ ಗಿಡ್ಡ ಅಂತ ಹೇಳು ಅವರಿಗೆ.” ಗಿರಾಕಿಗಳಿಗೆ ಇದು ಪುಕ್ಕಟೆ ನಾಟಕ. ನನಗೆ ಮಾತ್ರ ನಗು ಬರುವುದಿಲ್ಲ. ಇಬ್ಬರೂ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋಗಿದ್ದಾಗ ನಾನು ಟ್ರಯಲ್ ರೂಮಿನ ಪರದೆ ಎಳೆದುಕೊಂಡು, ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದೆ. ಆಗ ಚಿಕ್ಕಪ್ಪ ಮೆಲ್ಲಗೆ ಗೊಂಬೆಗೆ ಒಂದು ಮಾತು ಹೇಳಿದರು. ‘ನಾನು ಹೇಳಿದೆ ಅಂತ ಹೇಳಬೇಡ’ ಅಂತ ತಾಕೀತನ್ನೂ ಮಾಡಿದರು. ಹಾಗಂದ ಮೇಲೆ ಹೋಗಿ ಅಪ್ಪನ ಕಿವಿಯಲ್ಲಿ ಊದುವುದು ಹೇಗೆ? ಬಾಯಿ ಮುಚ್ಚಿಕೊಂಡೆ. ಆದರೆ ತಡೆಯಲಾರದೆ ಅದನ್ನು ಆಟದೊಳಗೆ ಹಾಕಿದೆ. ಮೊದಲನೆಯ ಕಾವಲುಗಾರ ಪಡಸಾಲೆಯ ಆ ಕೊನೆಗೆ ಹೋದಾಗ ಎರಡನೆಯವನು ಸಿಂಹಕ್ಕೆ ಆ ಮಾತು ಹೇಳುತ್ತಾನೆ. ಅಷ್ಟು ಹೊತ್ತು ಕಾದು ಕೂತವರಿಗೆ ಮಾತ್ರ ಅದು ಕೇಳಿಸುತ್ತದೆ.

ನಮ್ಮ ಬಾಸ್‌ಗೆ ನಾವಿಟ್ಟ ಹೆಸರು ಬೇಡಪ್ಪ. ಏನು ತೋರಿಸಿದರೂ ಅವರ ಬಾಯಿಂದ ಮೊದಲು ಬರುವ ಮಾತು ಅದೇ.

“ಬೇಡಪ್ಪ,” ಅಂದರು ನನ್ನ ಪಡಸಾಲೆ ನೋಡಿ. “ಜನ ಕದಿಯೋಕೆ ಬಂದಿರ್ತಾರೆ. ಕಾವಲುಗಾರರ ಮನೆ ಜಗಳ ಅವರಿಗ್ಯಾಕಮ್ಮ? ತೆಗೆದುಬಿಡೋಣ.”

ನಾನು ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಆಟ ಮಾರಾಟಕ್ಕೆ ಹೋಗುವ ಮುಂಚೆ ಹೊರಗಿನ ಮೂವರನ್ನು ಕರೆಸಿ ಆಡಿಸಿ, ಅವರಿಗೆ ಏನನ್ನಿಸಿತು ಎಂದು ಕೇಳುವುದು ನಮ್ಮಲ್ಲಿ ಪದ್ಧತಿ. ಆ ಮೂವರಲ್ಲಿ ಒಬ್ಬರಾದರೂ ಕಾವಲುಗಾರರ ಮಾತನ್ನು ಕೊನೆಯತನಕ ಕೇಳಿದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ಆಡುವವರ ಕೋಣೆಗೂ ನಮ್ಮ ಕೋಣೆಗೂ ನಡುವೆ ಒಂದು ದೊಡ್ಡ ಗಾಜು. ಅವರಿಗೆ ಅದು ಕನ್ನಡಿ, ನಮಗೆ ಕಿಟಕಿ. ಅವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ. ಒಂದು ಮೈಕು ಇದೆ, ಅದನ್ನು ಮುಟ್ಟುವವರು ಬೇಡಪ್ಪ ಮಾತ್ರ. ಆಡುವವರು ಗೋಡೆಗೆ ತಲೆ ಚಚ್ಚಿಕೊಂಡರೂ ನಾವು ತುಟಿ ಬಿಚ್ಚುವಂತಿಲ್ಲ. ಬಾಯಿಬಡುಕಿಯಾದ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಮೊದಲು ಬಂದವರು ಒಬ್ಬ ಹಲ್ಲಿನ ಡಾಕ್ಟರು. ಮೊದಲ ಭಾಗವನ್ನು ಅರೆದು ಕುಡಿದವರು. ಕಳ್ಳಿಯನ್ನು ಎಷ್ಟು ನಾಜೂಕಾಗಿ ನಡೆಸಿದರೆಂದರೆ ನಾವೂ ಉಸಿರು ಬಿಗಿಹಿಡಿದೆವು. ಪಡಸಾಲೆಯ ಬಾಗಿಲಿಗೆ ಬಂದರು, ಇಬ್ಬರನ್ನು ನೋಡಿದರು, ಕಿಟಕಿಯಿಂದ ಹೊರಗೆ ಹಾರಿ ಗೋಡೆಯಂಚಿನಲ್ಲೇ ತೆವಳಿ ಆಚೆ ದಾಟಿದರು. ನನ್ನ ಕಾವಲುಗಾರರಿಗೆ ‘ಸಿಂಹಪ್ಪಾ’ ಅನ್ನುವುದಕ್ಕೂ ಸಮಯ ಸಿಗಲಿಲ್ಲ.

“ನೆರಳು ತುಂಬಾ ಚೆನ್ನಾಗಿ ಬಂದಿದೆ,” ಅಂದರು ಡಾಕ್ಟರು ಆಮೇಲೆ. “ಹೋದ ಸಲಕ್ಕಿಂತ ಕಾವಲುಗಾರರ ಕಣ್ಣು ಚುರುಕು. ಕಿವಿ ಇನ್ನೂ ಮಂದ. ಮಾತಾ? ಯಾರಾದ್ರೂ ಮಾತಾಡಿದ್ರಾ?”

ಬೇಡಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಕಾಫಿ ಲೋಟದೊಳಗೆ ಮುಖ ಇಟ್ಟೆ.

ಎರಡನೆಯವರು ಒಬ್ಬ ಬಸ್ ಕಂಡಕ್ಟರಮ್ಮ. ಅಡಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಸಿಕ್ಕ ಕಾವಲುಗಾರನ ತಲೆಗೆ ಒಂದು ಬಿಟ್ಟು, ಎಳೆದುಕೊಂಡು ಹೋಗಿ ಬೀರುವಿನಲ್ಲಿ ತುರುಕುವುದು, ಮುಂದಿನವನಿಗೆ ಕೈ ಹಾಕುವುದು. ಪಡಸಾಲೆಯಲ್ಲಿ ನನ್ನ ಮೊದಲನೆಯವನು “ಸಿಂಹಪ್ಪಾ, ದೀಪಕ್ಕೆ” ಅನ್ನುವಷ್ಟರಲ್ಲಿ ನೆಲ ಕಚ್ಚಿದ್ದ. ಎರಡನೆಯವನು ಅವನ ಮೇಲೇ ಬಿದ್ದ. ಮಾತು ಬಿಟ್ಟ ಇಬ್ಬರೂ ಒಂದೇ ಬೀರುವಿನೊಳಗೆ ಒಬ್ಬರ ಮೇಲೊಬ್ಬರು ಮಲಗಿದ್ದನ್ನು ನೋಡಿ ನಾನೂ ನಕ್ಕುಬಿಟ್ಟೆ.

“ಮುಂದೆ ಹೋಗಿ, ಒಳಗೆ ಹೋಗಿ ಅಂತ ದಿನಾ ಗಂಟಲು ಹರ್ಕೊಳ್ತೀನಿ,” ಅಂದರು ಕಂಡಕ್ಟರಮ್ಮ, ಬೆವರು ಒರೆಸಿಕೊಳ್ಳುತ್ತ. “ಇಲ್ಲಿ ನೋಡಿ, ಹೇಳದೇನೇ ಎಲ್ಲರೂ ಒಳಗೆ ಹೋದ್ರು. ಬೀರು ಇನ್ನೂ ಸ್ವಲ್ಪ ದೊಡ್ಡದು ಮಾಡಿ. ಆಟ ಬಹಳ ಚೆನ್ನಾಗಿದೆ.”

ಈಗ ಉಳಿದದ್ದು ಒಬ್ಬರು. ಮೂರನೆಯವರು ಯಾವಾಗಲೂ ಜನ್ಮದಲ್ಲಿ ಇಂಥ ಆಟ ಮುಟ್ಟದವರಾಗಿರಬೇಕು. ಬರಬೇಕಾಗಿದ್ದ ತೋಟದ ಮಾಲಿಗೆ ಜ್ವರ ಅಂತ ಫೋನು ಬಂತು. ಬೇಡಪ್ಪ ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಅವರ ಕೋಟು ಸರಿಮಾಡಿ ತಂದಿದ್ದ ಟೈಲರು ಬಾಗಿಲಲ್ಲಿ ನಿಂತಿದ್ದರು. ಆ ಟೈಲರು ಯಾರು ಅಂತ ಬೇರೆ ಹೇಳಬೇಕಿಲ್ಲ.

“ಇವರೇ ಸರಿ!” ಅಂದರು ಬೇಡಪ್ಪ. ಅವರ ಬಾಯಲ್ಲಿ ‘ಸರಿ’ ಬಂದದ್ದು ಅದೇ ಮೊದಲು, ಅದೂ ನನ್ನ ಗ್ರಹಚಾರಕ್ಕೆ.

“ಬೇಡ ಸಾರ್, ಅಪ್ಪನಿಗೆ ಕಣ್ಣು ಸರಿಯಿಲ್ಲ,” ಅಂದೆ.

“ಸೂಜಿಗೆ ದಾರ ಪೋಣಿಸೋರಿಗೆ ಕಣ್ಣು ಸರಿಯಿಲ್ವಾ?” ಅಂದರು ಬೇಡಪ್ಪ. ಅಪ್ಪ ಆಗಲೇ ಒಳಗೆ ಕೂತಾಗಿತ್ತು.

ಮಾತು ಉಳಿಯಬೇಕಾದರೆ ಅಪ್ಪ ಅದನ್ನು ಕೊನೆಯತನಕ ಕೇಳಬೇಕು. ಕೇಳಿದರೆ, ಮನೆಯ ಗುಟ್ಟನ್ನು ಮಗಳು ಬೀದಿಗೆ ಹಾಕಿದಳು ಎಂದು ನನ್ನ ಜೊತೆಯೂ ಗೊಂಬೆಯ ಮುಖಾಂತರವೇ ಮಾತಾಡತೊಡಗಿದರೆ? ಪಡಸಾಲೆ ಬಿಟ್ಟು ಬೇರೆ ಕಡೆ ಹೋಗಲಿ ಎಂದು ಒಂದು ಗಳಿಗೆ, ಅಲ್ಲೇ ನಿಲ್ಲಲಿ ಎಂದು ಮರುಗಳಿಗೆ ಹಂಬಲಿಸಿದೆ.

ಅಪ್ಪ ಕಂಟ್ರೋಲರನ್ನು ಮಗುಚಿ ಹಿಂಭಾಗ ನೋಡಿದರು. ಏನು ಕೈಗೆ ಸಿಕ್ಕರೂ ಮೊದಲು ಒಳಮಗ್ಗುಲು ನೋಡುವುದು ಅವರ ಅಭ್ಯಾಸ. ಆಮೇಲೆ ಪರದೆಯ ಮೇಲಿನ ಕಳ್ಳಿಯನ್ನು ನೋಡಿ, “ಈ ಹುಡುಗಿ ಕೋಟಿನ ಭುಜ ಯಾರು ಹೀಗೆ ಕೂರಿಸಿದ್ದು? ಕೈ ಎತ್ತೋಕೇ ಆಗಲ್ಲ, ಇನ್ನು ಗೋಡೆ ಹೇಗೆ ಹತ್ತುತ್ತೆ ಪಾಪ,” ಅಂದರು. ಕಳ್ಳಿ ಗೋಡೆಗೆ ಡಿಕ್ಕಿ ಹೊಡೆದಳು, ಕುಂಡ ಕೆಡವಿದಳು, ಕಾರಣವಿಲ್ಲದೆ ಕುಳಿತಳು, ಎದ್ದಳು. ಹೇಗೋ ಪಡಸಾಲೆಗೆ ಬಂದುಬಿಟ್ಟಳು. ಬೂಟಿನ ಸದ್ದು ಕೇಳಿ ಅಪ್ಪ ಗಾಬರಿಯಲ್ಲಿ ಕೈಗೆ ಸಿಕ್ಕ ಬಟನ್ ಒತ್ತಿದರು. ಕಳ್ಳಿ ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪರದೆಯ ಮೇಲೆ ಈಗ ಬಾಗಿಲ ಸಂದಿ, ಆಚೆ ಸಿಂಹ, ಇಬ್ಬರು ಕಾವಲುಗಾರರು.

“ಸಿಂಹಪ್ಪಾ, ದೀಪಕ್ಕೆ ಎಣ್ಣೆ ಮುಗೀತು ಅಂತ ಅವನಿಗೆ ಹೇಳು.”

ಅಪ್ಪನ ಬೆರಳು ನಿಂತಿತು.

“ಸಿಂಹಪ್ಪಾ, ನನಗೂ ಕಣ್ಣಿದೆ ಅಂತ ಅವನಿಗೆ ಹೇಳು. ಎಣ್ಣೆ ಮುಗಿದಿದ್ದು ನಾನು ಈರುಳ್ಳಿ ಹೆಚ್ಚಿದ್ದಕ್ಕಲ್ಲ ಅಂತಲೂ ಹೇಳು.”

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಕತ್ತಿಯ ಜಗಳ ಪೂರ್ತಿ ಹೊರಗೆ ಬಂತು. ಒಬ್ಬನದು ತಪ್ಪು, ಇನ್ನೊಬ್ಬನದು ಹಟ. ನಾನು ಬರೆಯುವಾಗ ನಕ್ಕಿದ್ದ ಜಾಗಗಳಲ್ಲಿ ಅಪ್ಪ ನಗಲಿಲ್ಲ. ಅವರ ಕಿವಿ ಕೆಂಪಾಗಿದ್ದು ಗಾಜಿನ ಈಚೆಗೂ ಕಾಣಿಸುತ್ತಿತ್ತು. ಆಮೇಲೆ ಮೊದಲನೆಯ ಕಾವಲುಗಾರ ಎಣ್ಣೆ ತರಲು ಪಡಸಾಲೆಯ ಆ ಕೊನೆಗೆ ಹೋದ. ಎರಡನೆಯವನು ಸಿಂಹದ ಹತ್ತಿರ ಬಂದು ದನಿ ತಗ್ಗಿಸಿದ.

“ಸಿಂಹಪ್ಪಾ, ಅವನ ಮಂಡಿನೋವು ಹೇಗಿದೆ ಅಂತ ಕೇಳೋ. ಮೆಟ್ಟಿಲು ಹತ್ತುವಾಗ ಹಲ್ಲು ಕಚ್ತಾನೆ, ನೋಡೋಕಾಗಲ್ಲ. ನಾನು ಕೇಳಿದೆ ಅಂತ ಮಾತ್ರ ಹೇಳಬೇಡ.”

ಅಪ್ಪನ ಎಡಗೈ ಕಂಟ್ರೋಲರ್ ಬಿಟ್ಟು ತಾನಾಗಿ ಮಂಡಿಯ ಮೇಲೆ ಹೋಯಿತು.

ಆಮೇಲೆ ಅಪ್ಪ ಮಾಡಿದ್ದನ್ನು ಈ ಆಟದಲ್ಲಿ ಇದುವರೆಗೆ ಯಾರೂ ಮಾಡಿರಲಿಲ್ಲ. ಬೀರುವಿನ ಬಾಗಿಲು ತೆಗೆದು, ಕಳ್ಳಿಯನ್ನು ನೆಟ್ಟಗೆ ಪಡಸಾಲೆಯ ನಡುವಿಗೆ ತಂದು, ಕಾವಲುಗಾರನ ಎದುರು ನಿಲ್ಲಿಸಿದರು. ಒಂದಾದ ಮೇಲೊಂದು ಬಟನ್ ಒತ್ತಿದರು. ಕಳ್ಳಿ ಕುಳಿತಳು, ನೆಗೆದಳು, ಗಾಳಿಗೆ ಗುದ್ದಿದಳು. ಕಾವಲುಗಾರ “ಕಳ್ಳಿ! ಹಿಡೀರಿ!” ಎಂದು ಕೂಗಿ ಅವಳನ್ನು ಹಿಡಿದ. ಆಟ ಮುಗಿಯಿತು.

“ಮಾತಾಡೋ ಬಟನ್ ಯಾವುದು?” ಅಪ್ಪ ಕನ್ನಡಿಯನ್ನು ಕೇಳಿದರು.

ಬೇಡಪ್ಪ ಮೈಕಿನಲ್ಲಿ, “ಅಂಥದ್ದು ಇಲ್ಲ ಯಜಮಾನ್ರೇ. ಹೇಗನ್ನಿಸ್ತು ಆಟ?” ಅಂದರು.

“ಅಡಗೋಕೆ ಬಟನ್ ಇದೆ, ಕದಿಯೋಕೆ ಇದೆ, ಹೊಡೆಯೋಕಂತೂ ಎರಡಿದೆ. ಮಾತಾಡೋಕೆ ಒಂದೂ ಇಲ್ವಲ್ಲ ಸಾರ್.” ಅಪ್ಪ ಕನ್ನಡಿಯ ಹತ್ತಿರ ಬಂದರು. ಅವರಿಗೆ ಕಾಣುತ್ತಿದ್ದುದು ತಮ್ಮ ಮುಖವೇ, ಆದರೆ ನಿಂತದ್ದು ಸರಿಯಾಗಿ ನನ್ನೆದುರಿಗೆ. “ಒಳಗಡೆ ನಮ್ಮ ಹುಡುಗಿ ಇದ್ದಾಳೆ ಅಂತ ಗೊತ್ತು. ಆ ಕೊನೇ ಮಾತು ನೀನು ಕಟ್ಟಿದ್ದಾ ಮಗಳೇ, ಅಥವಾ ಅವನು ನಿಜವಾಗ್ಲೂ ಹೇಳಿದ್ನಾ?”

ನಿಯಮ ಹಾಳಾಗಿ ಹೋಗಲಿ ಎಂದು ಮೈಕಿಗೆ ಕೈ ಹಾಕಿದೆ. “ನಿಜವಾಗ್ಲೂ ಹೇಳಿದ್ರು ಅಪ್ಪಾ. ನನ್ನ ಕಿವಿಯಾರೆ ಕೇಳಿದ್ದೀನಿ.”

ಅಪ್ಪ ತಲೆಯಾಡಿಸಿ, ಕಾಲರ್ ಸರಿಮಾಡಿಕೊಂಡು, ಹೊರಟೇಬಿಟ್ಟರು. ನಾನು ಬೈಗುಳಕ್ಕೆ ತಯಾರಾಗಿ ಬೇಡಪ್ಪನ ಕಡೆ ನೋಡಿದೆ. ಅವರು ಗಾಜಿನಾಚೆಯ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು.

“ಅಡಗಿ ಕೂತವರನ್ನ ಎದ್ದು ಬರೋ ಹಾಗೆ ಮಾಡ್ತಲ್ಲ ನಿನ್ನ ಕಾವಲುಗಾರನ ಮಾತು,” ಅಂದರು. “ಇರಲಿ ಬಿಡು ಅದು. ಏನು ನೋಡ್ತಾ ನಿಂತಿದ್ದೀಯ? ಓಡು, ಅಪ್ಪನ ಹಿಂದೆ ಹೋಗು.”

ಅಪ್ಪನಿಗಿಂತ ಮೊದಲು ಅಂಗಡಿ ಸೇರಲು ಹಿಂದಿನ ಓಣಿ ಹಿಡಿದೆ. ಚಿಕ್ಕಪ್ಪ ತಲೆ ಬಗ್ಗಿಸಿ ಮೆಷಿನ್ ತುಳಿಯುತ್ತಿದ್ದರು. ಕಳ್ಳಿಯ ಆಟ ಬರೆಯುವವಳು ತಾನೆ ನಾನು, ಹಿಂಬಾಗಿಲಿಂದ ಸದ್ದಿಲ್ಲದೆ ನುಸುಳಿ ಟ್ರಯಲ್ ರೂಮಿನ ಪರದೆ ಎಳೆದುಕೊಂಡೆ.

ಅಪ್ಪ ಬಂದರು. ಮೆಟ್ಟಿಲಲ್ಲಿ ಹಲ್ಲು ಕಚ್ಚಿದರೇನೋ, ಒಂದು ಕ್ಷಣ ನಿಂತ ಸದ್ದಾಯಿತು. ಆಮೇಲೆ ಅಭ್ಯಾಸಬಲದಿಂದ “ಗೊಂಬೆ,” ಅಂದರು. ಪರದೆಯ ಸಂದಿಯಿಂದ ನೋಡಿದೆ. ಅಪ್ಪ ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ ಮೂಲೆಗೆ ಇಟ್ಟರು. ಈಗ ಅಣ್ಣತಮ್ಮಂದಿರ ನಡುವೆ ಏನೂ ಇರಲಿಲ್ಲ.

“ಮಂಡಿ ಈಗ ಪರವಾಗಿಲ್ಲ ಕಣೋ,” ಅಂದರು ಅಪ್ಪ. “ಮೆಟ್ಟಿಲಲ್ಲಿ ಮಾತ್ರ ಸ್ವಲ್ಪ ಹಿಡಿಯುತ್ತೆ.”

ಮೆಷಿನ್ ನಿಂತಿತು. ಚಿಕ್ಕಪ್ಪ ಕನ್ನಡಕ ತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಎಣ್ಣೆ ಹಚ್ಚಿ ಬಿಸಿ ಶಾಖ ಕೊಡಬೇಕು ಅಣ್ಣಾ,” ಅಂದರು. “ಆ ಕತ್ತರಿ ಕೊಡಿ ಇಲ್ಲಿ, ಸಾಣೆ ಹಿಡಿಸಿಕೊಂಡು ಬರ್ತೀನಿ. ಯಾವಾಗ್ಲೋ ಹಿಡಿಸಬೇಕಿತ್ತು.”

‘ಅಣ್ಣಾ’ ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಪರದೆಯ ಹಿಂದೆ ನನ್ನ ಕಣ್ಣು ತುಂಬಿ ಬಂತು, ಮೂಗು ಎಳೆದುಕೊಂಡೆ, ಸದ್ದಾಗಿಹೋಯಿತು.

“ಇಲಿ ಇರಬೇಕು ಬಿಡು,” ಅಂದರು ಅಪ್ಪ. ನನ್ನ ಗೊಣಗಾಟ ಅವರ ಬಾಯಿಗೆ ಹೋಗಿತ್ತು.

“ಯಾವ ಇಲಿ? ಪರದೆ ಕೆಳಗೆ ಚಪ್ಪಲಿ ಕಾಣ್ತಾ ಇದೆ, ಬಾರೇ ಹೊರಗೆ,” ಅಂದರು ಚಿಕ್ಕಪ್ಪ. ನಾನು ಮುಖ ಒರೆಸಿಕೊಂಡು ಹೊರಗೆ ಬಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆ ಚಚ್ಚಿಕೊಂಡರು. “ಅವತ್ತೂ ಚಪ್ಪಲಿ ಹೀಗೇ ಕಾಣ್ತಾ ಇತ್ತು. ಹೇಳಬೇಡ ಅಂದ್ರೆ ನೀನು ಖಂಡಿತ ಹೋಗಿ ಹೇಳ್ತೀಯ ಅಂತ ನಂಬ್ಕೊಂಡು ತಾನೇ ನಾನು ಗೊಂಬೆಗೆ ಹೇಳಿದ್ದು! ಇಷ್ಟು ದಿನ ಎಲ್ಲೇ ಇಟ್ಕೊಂಡಿದ್ದೆ ತಾಯಿ, ಆ ಮಾತನ್ನ?”