ಹದಿನೇಳನೇ ಕಂಬ

ಲೋಟದೊಳಗಿನ ಮಜ್ಜಿಗೆ ನಡುಗಿತು, ಗಾಡಿ ಬಂತು, ಹುಬ್ಬಳ್ಳಿ ಕಡೆಯ ಗೂಡ್ಸು ಇರಬೇಕು, ಬ್ಯಾಡಗಿ ಸ್ಟೇಷನ್ನಿನ ಹಿಂದಿನ ಈ ಮನೆಯಲ್ಲೇ ಹುಟ್ಟಿ ಬೆಳೆದ ಮೃಣಾಲಿನಿಗೆ ಗಾಡಿಯ ಅದುರು ಹೊಸದೇನಲ್ಲ, ಆದರೂ ಇವತ್ತು ಮಜ್ಜಿಗೆಯ ಮೇಲೆ ಎದ್ದ ಉಂಗುರ ಉಂಗುರ ಗೆರೆಗಳನ್ನೇ ನೋಡುತ್ತ ಕೂತಳು, ಗಾಡಿ ದಾಟಿತು, ಗೆರೆ ಮಾಯವಾದವು, ನೆಲ ಗಟ್ಟಿಯಾಗಿಯೇ ಇದೆ — ಇಲ್ಲಿ ಇದೆ, ಅಲ್ಲಿ? ಕಚ್ಛದ ಆಚೆ, ಸಮುದ್ರದ ತಳದಲ್ಲಿ? ಭೂಮಿ ಆಗಾಗ ಮೈ ಕೊಡವುವ ಜಾಗ ಅದು, ಅಲ್ಲಿ ನೀರೊಳಗೆ ನಲವತ್ತು ಗಾಳಿಯಂತ್ರ ನಿಲ್ಲಬೇಕು, ಒಂದೊಂದರ ಬುಡಕ್ಕೆ ಒಂದೊಂದು ಉಕ್ಕಿನ ಕೊಳವೆ, ಈ ಕೋಣೆಗಿಂತ ಅಗಲ, ಅದು ಮರಳಿನೊಳಗೆ ಎಷ್ಟು ಆಳ ಇಳಿಯಬೇಕೆಂದು ಲೆಕ್ಕ ಹಾಕಿದವಳು ಇವಳು, ಸಹಿಯೂ ಇವಳದೇ, ನಾಲ್ಕು ಗಂಟೆಗೆ ನಕ್ಷೆ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ, ಹೋದಮೇಲೆ ಕೊಳವೆಯ ಉದ್ದ ಮುಗಿದ ಮಾತು. ಈಗ ಮೂರೂ ನಲವತ್ತು.

ಒಂದೇ ಒಂದು ಅಂಕಿ. ಮರಳಿನ ಬಿಗಿ ಅಳೆದ ಪಟ್ಟಿಯಲ್ಲಿ, ಒಂದೇ ಆಳದಲ್ಲಿ, ಹದಿನಾರನೇ ಕಂಬಕ್ಕೆ ಇಪ್ಪತ್ತೊಂದು, ಹದಿನೆಂಟಕ್ಕೆ ಇಪ್ಪತ್ತಮೂರು, ನಡುವಿನ ಹದಿನೇಳಕ್ಕೆ ಬರೀ ಆರು, ಅಂಕಿ ಇಳಿದಷ್ಟೂ ಮರಳು ಸಡಿಲ — ಹೋದ ತಿಂಗಳು, ಅಳೆಯುವ ಯಂತ್ರ ಕೆಟ್ಟಿರಬೇಕು ಅಂದುಕೊಂಡಳು, ಆರು ಅಳಿಸಿ ಇಪ್ಪತ್ತೆರಡು ಬರೆದಳು, ಕೈ ತಾನಾಗಿ ಬರೆಯಿತು, ಅಪ್ಪ ಕಲಿಸಿದ್ದು, ರಾಣೆಬೆನ್ನೂರಿನ ರಸ್ತೆ ಕೆಲಸಕ್ಕೆ ಓವರ್‌ಸಿಯರ್ ಆಗಿದ್ದ ಅಪ್ಪ ಅಣ್ಣಾಜಿ, ಶಾಲೆಯ ರಜೆಯಲ್ಲಿ ಮಗಳ ಕೈಗೆ ಅಳತೆಯ ಪುಸ್ತಕ ಕೊಟ್ಟು, ಮೃಣೂ, ಯಾವುದರೆ ಗೂಟದ ಅಂಕಿ ತಪ್ಪಿತ್ತಂದ್ರ ಅಂಜಬ್ಯಾಡವಾ, ಆಜೂಬಾಜೂ ನೋಡು, ನಡುವಿಂದು ತುಂಬು, ರಸ್ತಾ ಎಲ್ಲಿ ಓಡಿಹೋಗತದ, ಅನ್ನುತ್ತಿದ್ದರು, ಖರೇ, ರಸ್ತೆ ಎಲ್ಲಿಗೂ ಓಡಿಹೋಗಲಿಲ್ಲ, ಆದರೆ ಮರಳು ಓಡಿಹೋಗುತ್ತದೆ, ನೀರು ಕುಡಿದ ಸಡಿಲ ಮರಳು, ನೆಲ ನಡುಗಿದರೆ ಗಂಜಿಯಾಗುತ್ತದೆ — ಐರಣಿಯ ಹೊಳೆದಂಡೆ, ಇವಳಿಗೆ ಎಂಟು ವರ್ಷ ಆಗ, ಅಪ್ಪ ತಮ್ಮ ಕೆಂಪು-ಬಿಳಿ ಪಟ್ಟಿಯ ಅಳತೆಕೋಲನ್ನು ಹಸಿ ಮರಳಲ್ಲಿ ನೆಟ್ಟು ಬುತ್ತಿ ಬಿಚ್ಚಿದ್ದರು, ಇವಳು ಅದರ ಬುಡದಲ್ಲಿ ಕುಣಿದಳು, ಥಪ ಥಪ, ಗಟ್ಟಿ ಇದ್ದ ಮರಳು ಮೊಸರಿನ ಹಾಗೆ ಅಲುಗಿತು, ನೀರು ಮೇಲೆ ಬಂತು, ಕಾಲು ಹೂತವು, ಕೋಲು ಸದ್ದಿಲ್ಲದೆ ವಾಲತೊಡಗಿತು, ಬೀಳಲಿಲ್ಲ, ವಾಲುತ್ತಲೇ ಇತ್ತು, ಕುಣೀಬ್ಯಾಡ, ನಿಂದ್ರು, ನಿಂದ್ರು, ಅಪ್ಪ ಕೂಗಿದರು, ಆಮೇಲೆ ನಕ್ಕರು, ಇಬ್ಬರೂ ನಕ್ಕರು. ಅವತ್ತು ನಗು ಬಂದಿತ್ತು.

ಮಧ್ಯಾಹ್ನ ಪತ್ರ ಬಂದಿದೆ, ಸಮುದ್ರದ ತಳ ಅಳೆಯುವ ಹಡಗಿನವರು ಅದೇ ಜಾಗವನ್ನು ಮತ್ತೊಮ್ಮೆ ಅಳೆದರಂತೆ, ಮತ್ತೆ ಆರು. ಯಂತ್ರ ಕೆಟ್ಟಿರಲಿಲ್ಲ. ಪತ್ರ ಇವಳೊಬ್ಬಳಿಗೇ ಬಂದಿದೆ, ಇನ್ನಾರೂ ನೋಡಿಲ್ಲ, ಅದನ್ನೂ ಅಳಿಸಿದರೆ — ಛೀ, ಎಂಥಾ ಬುದ್ಧಿ — ಅಳಿಸಿದರೆ ಯಾರಿಗೆ ಗೊತ್ತಾಗುತ್ತದೆ, ಭೂಕಂಪ ಎಂದು ಬರುತ್ತದೋ, ಬಾರದೆಯೂ ಇದ್ದೀತು, ದೇವರೇ, ಬಾರದಿರಲಿ, ಆದರೆ ಆ ಕಂಬದೊಳಗೆ ಏಣಿ ಹತ್ತುವವರು ಇರುತ್ತಾರಲ್ಲ, ರಿಪೇರಿಯವರು, ಇಬ್ಬರೋ ಮೂವರೋ, ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬಂದವರು, ಹೇಳಿದರೆ ಹನ್ನೊಂದು ವರ್ಷದ ಹೆಸರು ನೀರಲ್ಲಿ ಹೋಮ, ಮನೆಯಿಂದ ಕೆಲಸ ಮಾಡಲಿ ಅಂತ ಬಿಟ್ಟದ್ದೇ ತಪ್ಪಾಯಿತು ಅಂದಾರು ಆಫೀಸಿನವರು, ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಡಿಗೆಮನೆಯಲ್ಲಿ ಅವ್ವ ಜಾನಕೀಬಾಯಿ ಮೆಣಸಿನಕಾಯಿ ಹುರಿಯುತ್ತಿದ್ದಾಳೆ, ಘಾಟಿಗೆ ಕಣ್ಣಲ್ಲಿ ನೀರು, ಒಳ್ಳೆಯದೇ ಆಯಿತು, ನೆಪ ಸಿಕ್ಕಿತು, ಬಾಗಿಲಲ್ಲಿ ಅಪ್ಪ, ಮಾರಿ ಯಾಕ ಹಿಂಗ ಆಗೇದ, ಏನಾತವಾ, ಏನಿಲ್ಲಪ್ಪಾ, ಘಾಟು, ಹಂಗಾರ ಖಿಡಕಿ ತಗೀತೀನಿ ತಡಿ, ಅವರಿಗೆ ಹೇಗೆ ಹೇಳುವುದು, ನೀವು ಕಲಿಸಿದ್ದು ಸಮುದ್ರದಲ್ಲಿ ನಡೆಯಲಿಲ್ಲಪ್ಪಾ ಅಂತ, ನಮ್ಮ ಮೃಣೂ ಸಮುದ್ರದಾಗ ಕಂಬಾ ನಿಲ್ಲಸ್ತಾಳ ಎಂದು ಮೆಣಸಿನಕಾಯಿ ಪೇಟೆಯ ಶಂಕ್ರಪ್ಪನವರೆಗೂ ಹೇಳಿಕೊಂಡು ಬಂದ ಜೀವ ಅದು.

ಫೋನು. ಶಶಿಕಾಂತ, ಪುಣೆಯ ಆಫೀಸಿನ ಸಾಹೇಬರು, ಗದಗಿನ ಕಡೆಯವರು, ಏನ್ರಿ ಮೃಣಾಲಿನಿ ಅವರ, ಎಲ್ಲಾ ಬರೋಬ್ಬರಿ ಅದ ಅಲ್ಲಾ, ಕಾರ್ಖಾನಿಯವರು ಹಾದಿ ಕಾಯಾಕತ್ತಾರ, ಕಳಸ್ಲೇನ್ರಿ? ಕಳಸ್ರಿ ಅನ್ನುವುದು ನಾಲಗೆಯ ತುದಿಗೇ ಬಂತು, ಎಷ್ಟು ಸಲೀಸು ಶಬ್ದ, ಅಷ್ಟರಲ್ಲಿ ಮತ್ತೊಂದು ಗಾಡಿ, ಲೋಟ ನಡುಗಿತು, ಮಜ್ಜಿಗೆಯ ಮೇಲೆ ಉಂಗುರ, ನಿಂದರಸ್ರಿ ಸರ, ಅಂದಳು, ತನ್ನ ದನಿಯೇ ಅಲ್ಲ, ಹದಿನೇಳನೇದು ನಾ ತಪ್ಪ ಬರದೇನಿ, ಅಲ್ಲಿ ಆರ ಅದ, ನಾನ ಇಪ್ಪತ್ತೆರಡು ಮಾಡೇನಿ, ಆಜೂಬಾಜೂ ನೋಡಿ ತುಂಬೇನಿ — ಕಿಟಕಿಯ ಚಿಲಕದ ಮೇಲೆ ಅಪ್ಪನ ಕೈ ಹಾಗೇ ನಿಂತಿದೆ, ಕೇಳಿಸಿಕೊಂಡರು, ಗೊತ್ತಾಯಿತು ಅವರಿಗೆ, ತಿರುಗಿ ನೋಡುತ್ತಿಲ್ಲ, ಆಮೇಲೆ ಶಶಿಕಾಂತ, ಬಹಳ ಮೆಲ್ಲಗೆ, ಅದೊಂದಽ ಏನ್ರಿ, ಇಲ್ಲಾ ಬ್ಯಾರೆ ಕಡೆನೂ ಹಿಂಗ ತುಂಬೀರಿ? — ಬೇರೆ ಕಡೆ, ನಲವತ್ತು ಕಂಬ, ಒಂದೊಂದಕ್ಕೆ ಐವತ್ತು ಅಂಕಿ, ತುಂಬಿದ್ದಳೇ, ನೆನಪಿಲ್ಲ, ಕೈ ತಾನಾಗಿ ಬರೆದದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಯಾವುದು ಅಳೆದದ್ದು, ಯಾವುದು ತಾನು ತುಂಬಿದ್ದು, ಹಲೋ, ಹಲೋ, ಕೇಳಸಾಕತ್ತದೇನ್ರಿ, ಕೇಳಿಸುತ್ತಿದೆ, ಐರಣಿ, ಹಸಿ ಮರಳು, ಥಪ ಥಪ, ಕೆಂಪು-ಬಿಳಿ ಕೋಲು, ಬೀಳುತ್ತಿಲ್ಲ, ವಾಲುತ್ತಿದೆ, ಕೋಲು ವಾಲುತ್ತಿದೆ, ಕೋಲು…